ಗಂಡನ ಬುಲೆಟ್ ಹಿಂದೆ ಕೂತಿದ್ದು ಸಾಕು, ಈ ಸಲ ಮಲೆನಾಡಿಗೆ ನಾನೇ ಬೈಕ್ ಓಡಿಸಬಹುದಾ?

ಪ್ರಶ್ನೆ: ನನಗೆ 34 ವರ್ಷ. ಹಾಸನದಲ್ಲಿ ಕೆಲಸ ಮಾಡುತ್ತೇನೆ. ಎತ್ತರ ಐದು ಅಡಿ ಒಂದಿಂಚು. ಕಾಲೇಜಿನಿಂದಲೂ ಸ್ಕೂಟರ್ ಓಡಿಸುತ್ತಿದ್ದೇನೆ. ನಮ್ಮ ಯಜಮಾನರ ಹತ್ತಿರ 350 ಸಿಸಿ ಬುಲೆಟ್ ಇದೆ. ಪ್ರತಿ ವರ್ಷ ಇಬ್ಬರೂ ಅದರಲ್ಲೇ ಒಂದು ಟ್ರಿಪ್ ಹೋಗುತ್ತೇವೆ, ನಾನು ಹಿಂದೆ. ಈ ಸಲ ದೀಪಾವಳಿ ಆದ ಮೇಲೆ ನಾಲ್ಕು ದಿನ ರಜೆ ಹಾಕಿದ್ದೇವೆ. ಹಾಸನ, ಬೇಲೂರು, ಚಿಕ್ಕಮಗಳೂರು, ಮುಳ್ಳಯ್ಯನಗಿರಿ, ಬಾಳೆಹೊನ್ನೂರು, ಕಳಸ, ಹೊರನಾಡು, ಕೊಟ್ಟಿಗೆಹಾರ. ಅಲ್ಲಿಂದ ಚಾರ್ಮಾಡಿ ಇಳಿದು ಧರ್ಮಸ್ಥಳ, ಶಿರಾಡಿ ಹತ್ತಿ ಸಕಲೇಶಪುರದ ಮೇಲೆ ವಾಪಸ್. ಈ ಸಲ ನಾನೂ ಓಡಿಸಬೇಕು ಅಂತ ಆಸೆ. ಅಪ್ಪನ ಯೆಜ್ಡಿ ಟ್ಯಾಂಕ್ ಮೇಲೆ ಕೂತು ಬೆಳೆದವಳು ನಾನು. ಅಣ್ಣನಿಗೆ ಕಲಿಸಿದರು, ನನಗೆ ಕಲಿಸಲಿಲ್ಲ. ಮನೆ, ಆಫೀಸು, ಮಗಳ ಸ್ಕೂಲು ಇದರ ಮಧ್ಯೆ ಗಾಡಿ ಓಡಿಸುವಾಗ ಮಾತ್ರ ನಾನು ನನ್ನ ಹಾಗೆ ಇರುತ್ತೇನೆ ಅನ್ನಿಸುತ್ತೆ. ಆದರೆ ಅತ್ತೆ, "ಗೇರ್ ಬೈಕ್ ಓಡಿಸಿದರೆ ಹೆಂಗಸರಿಗೆ ಗರ್ಭಕೋಶ ಜಾರುತ್ತೆ" ಅಂತಾರೆ. ಯಜಮಾನರು, "ನಿನ್ನ ಎತ್ತರಕ್ಕೆ ಆಗಲ್ಲ, ಘಾಟಿಯಲ್ಲಿ ಮುಂದಿನ ಬ್ರೇಕ್ ಮುಟ್ಟಿದರೆ ಪಲ್ಟಿ ಹೊಡಿತೀಯ" ಅಂತಾರೆ. ಅವರಿಗೆ ಟ್ರಿಪ್‌ಗೆ ಮುಂಚೆ ಬುಲೆಟ್‌ನ ಸೈಲೆನ್ಸರ್ ಬದಲಾಯಿಸುವ ಆಸೆ ಬೇರೆ. ನನ್ನ ಲೈಸೆನ್ಸ್ ಗೇರ್ ಇಲ್ಲದ ಗಾಡಿಯದು. ಈ ವಯಸ್ಸಿಗೆ ಇದು ಹುಚ್ಚಾಟವಾ? (ಓದುಗರು, ಹಾಸನ)

ಉತ್ತರ: ಹುಚ್ಚಾಟ ಅಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಕೊನೆಯಲ್ಲಿ ಕೇಳಿದ್ದೇ ನಿಜವಾದ ಪ್ರಶ್ನೆ, ಉಳಿದದ್ದೆಲ್ಲ ಅದರ ಸುತ್ತ ಬಂದದ್ದು. ಆದರೆ ನೀವು ಹಾಕಿಕೊಂಡಿರುವ ದಾರಿ ಮೊದಲ ಸಲಕ್ಕೆ ಜಾಸ್ತಿ ಆಯಿತು. ಬುಲೆಟ್ ಕೂಡ ಕಲಿಯೋಕೆ ತಕ್ಕ ಗಾಡಿ ಅಲ್ಲ. ಈ ಎರಡನ್ನು ಬದಲಾಯಿಸಿಕೊಂಡರೆ ದೀಪಾವಳಿ ಹೊತ್ತಿಗೆ ನೀವು ನಿಮ್ಮದೇ ಬೈಕಿನಲ್ಲಿ ಚಿಕ್ಕಮಗಳೂರಿಗೆ ಬರಬಹುದು. ನಾನು ಇಲ್ಲಿ ಗ್ಯಾರೇಜ್ ನಡೆಸುತ್ತೇನೆ, ಗೇರ್ ಬೈಕ್ ಓಡಿಸೋದನ್ನೂ ಕಲಿಸುತ್ತೇನೆ. ಕಲಿಯೋಕೆ ಬರುವ ಹೆಂಗಸರಲ್ಲಿ ಮೂವತ್ತು ದಾಟಿದವರೇ ಜಾಸ್ತಿ. ಅಪ್ಪನೋ ಅಣ್ಣನೋ ಕಲಿಸಲಿಲ್ಲ ಅನ್ನೋ ಮಾತನ್ನು ನಿಮ್ಮ ಹಾಗೇ ಅವರೂ ಹೇಳುತ್ತಾರೆ.

ಅತ್ತೆಯವರ ಮಾತಿನಿಂದ ಶುರು ಮಾಡೋಣ. ಇದನ್ನು ಊರೂರಲ್ಲಿ ಹೇಳುತ್ತಾರೆ. ಹೆದರಿಸೋಕೆ ಅಲ್ಲ, ಅವರೂ ಹಾಗೇ ಕೇಳಿಕೊಂಡು ಬಂದಿದ್ದಾರೆ. ಗರ್ಭಕೋಶವನ್ನು ಅದರದ್ದೇ ಅಸ್ಥಿಬಂಧಗಳು (ಲಿಗಮೆಂಟ್) ಮತ್ತು ಕೆಳಹೊಟ್ಟೆಯ ತಳದ ಸ್ನಾಯುಗಳು ಹಿಡಿದುಕೊಂಡಿರುತ್ತವೆ. ಅದು ಜಾರುವ ತೊಂದರೆ ಇರೋದು ನಿಜ. ಆದರೆ ಅದಕ್ಕೆ ಕಾರಣ ಹೆರಿಗೆ, ವಯಸ್ಸು, ಮುಟ್ಟು ನಿಂತ ಮೇಲಿನ ಬದಲಾವಣೆ, ವರ್ಷಗಟ್ಟಲೆ ಭಾರ ಎತ್ತುವುದು, ಬಿಡದ ಕೆಮ್ಮು ಇಂಥವು. ಗೇರ್ ಹಾಕೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇನ್ನೊಂದು ವಿಷಯ ಅತ್ತೆಯವರಿಗೆ ಹೇಳಿ. ಬೈಕಿನಲ್ಲಿ ಹಿಂದಿನ ಸೀಟು ಹಿಂಚಕ್ರದ ಮೇಲೇ ಇರುತ್ತದೆ. ಗುಂಡಿಗೆ ಇಳಿದಾಗ ಏಟು ಜಾಸ್ತಿ ಬೀಳೋದು ಹಿಂದೆ ಕೂತವರಿಗೆ. ಓಡಿಸುವವರಿಗೆ ಗುಂಡಿ ಮೊದಲೇ ಕಾಣುತ್ತದೆ, ಮೈಯನ್ನು ಸ್ವಲ್ಪ ಎತ್ತಿಕೊಳ್ಳುತ್ತಾರೆ. ಅಂದರೆ ಇಷ್ಟು ವರ್ಷ ನೀವು ಕುಲುಕಾಟದ ಸೀಟಿನಲ್ಲೇ ಕೂತಿದ್ದಿರಿ. ಬಸುರಿಯಾಗಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಬೆನ್ನಿನ ಡಿಸ್ಕ್ ತೊಂದರೆ ಇದ್ದರೆ ಡಾಕ್ಟರ್ ಹತ್ತಿರ ಕೇಳಿಯೇ ಹೊರಡಬೇಕು. ಅದು ಗಂಡಸು, ಹೆಂಗಸು, ಸ್ಕೂಟರ್, ಕಾರು ಎಲ್ಲಕ್ಕೂ ಒಂದೇ.

ಎತ್ತರದ ವಿಷಯದಲ್ಲಿ ನಿಮ್ಮ ಯಜಮಾನರು ಅರ್ಧ ಸರಿ. ಈಗಿನ ಬುಲೆಟ್ 350ರ ಸೀಟು ನೆಲದಿಂದ 805 ಮಿಲಿಮೀಟರ್ ಎತ್ತರ, ತೂಕ 195 ಕಿಲೋ. ಸೀಟು ಅಗಲ ಕೂಡ, ಕಾಲು ಎರಡೂ ಕಡೆ ಚಾಚಿಕೊಳ್ಳುವುದರಿಂದ ನಿಮ್ಮ ಎತ್ತರದವರಿಗೆ ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತದೆ. ಆದರೆ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು ಅನ್ನೋದು ಸುಳ್ಳು. ಸೊಂಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಎಡಗಾಲಿನ ಮುಂಗಾಲು ಗಟ್ಟಿಯಾಗಿ ಊರಿದರೆ ಸಾಕು, ಬಲಗಾಲು ಬ್ರೇಕ್ ಮೇಲಿರಲಿ. ಸ್ಪ್ಲೆಂಡರ್‌ನಂಥ ಗಾಡಿಯ ಸೀಟು 785 ಮಿಲಿಮೀಟರ್, ತೂಕ 112 ಕಿಲೋ. ಸೀಟಿನ ಎತ್ತರದಲ್ಲಿ ವ್ಯತ್ಯಾಸ ಎರಡೇ ಸೆಂಟಿಮೀಟರ್, ತೂಕದಲ್ಲಿ 83 ಕಿಲೋ. ನಿಂತ ಗಾಡಿ ವಾಲಿದಾಗ ನಿಮ್ಮನ್ನು ಕೆಡವೋದು ಸೀಟಿನ ಎತ್ತರಕ್ಕಿಂತ ಈ ತೂಕ. ಇನ್ನೂ ತಗ್ಗು ಬೇಕು ಅಂದರೆ ಅವೆಂಜರ್ ಕ್ರೂಸ್ 220ರ ಸೀಟು 737 ಮಿಲಿಮೀಟರ್, ಮೀಟಿಯರ್ 350ರದ್ದು 765. ಆದರೆ ಮೀಟಿಯರ್ ಕೂಡ 190 ಕಿಲೋ ದಾಟುತ್ತದೆ, ಸೀಟು ತಗ್ಗು ಅಂತ ಮೋಸ ಹೋಗಬೇಡಿ. ಪ್ಲಾಟ್‌ಫಾರ್ಮ್ ಚಪ್ಪಲಿ ಹಾಕಿ ಎತ್ತರ ಹೆಚ್ಚಿಸಿಕೊಳ್ಳುವ ಐಡಿಯಾ ಕೆಲವರಿಗೆ ಬರುತ್ತದೆ. ಬೇಡ. ಗಟ್ಟಿ ಅಟ್ಟೆಯ, ಹಿಮ್ಮಡಿ ಗಂಟು ಮುಚ್ಚುವ ಶೂ ಹಾಕಿ, ಅದರಲ್ಲೇ ಅರ್ಧ ಇಂಚು ಸಿಗುತ್ತದೆ.

ಮುಂದಿನ ಬ್ರೇಕ್ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಯಾಕೆಂದರೆ ಅರ್ಧ ತಿಳಿದವರು ಜಾಸ್ತಿ ಇರೋದು ಇಲ್ಲಿ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬರುತ್ತದೆ. ಹಾಗಾಗಿ ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂಚಕ್ರದ್ದೇ. ಹಿಂದಿನ ಬ್ರೇಕ್ ಒಂದನ್ನೇ ನಂಬಿ ಚಾರ್ಮಾಡಿ ಇಳಿಯುವವರ ಗಾಡಿ ನನ್ನ ಗ್ಯಾರೇಜಿಗೆ ಬರುತ್ತಲೇ ಇರುತ್ತದೆ, ಬ್ರೇಕ್ ಶೂ ಸುಟ್ಟ ವಾಸನೆ ಹೊಡೆಯುತ್ತಾ. ಹಾಗಾದರೆ ಪಲ್ಟಿ ಹೊಡೆಯುವ ಹೆದರಿಕೆ ಎಲ್ಲಿಂದ ಬಂತು? ಎರಡು ಕಡೆಯಿಂದ. ಒಂದು, ಗಾಬರಿಯಲ್ಲಿ ನಾಲ್ಕೂ ಬೆರಳಲ್ಲಿ ಗಬಕ್ಕನೆ ಹಿಡಿಯುವುದು. ಎರಡೇ ಬೆರಳಲ್ಲಿ ಮೆಲ್ಲಗೆ ಶುರು ಮಾಡಿ, ಆಮೇಲೆ ಒತ್ತಡ ಹೆಚ್ಚಿಸಬೇಕು. ಇನ್ನೊಂದು, ಹೇರ್‌ಪಿನ್ ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿರುತ್ತದೆ, ವೇಗ ನಡೆಯುವಷ್ಟೇ ಇರುತ್ತದೆ. ಆಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗಡೆಗೆ ಬೀಳುತ್ತದೆ. ನಿಮ್ಮ ಯಜಮಾನರು ನೋಡಿರೋದು ಬಹುಶಃ ಇದನ್ನೇ. ಹಾಗಾಗಿ ಹೀಗೆ ಇಟ್ಟುಕೊಳ್ಳಿ: ತಿರುವಿಗೆ ಮುಂಚೆ, ಗಾಡಿ ನೇರ ಇರುವಾಗ ಎರಡೂ ಬ್ರೇಕ್ ಬಳಸಿ ವೇಗ ಇಳಿಸಿ. ಹ್ಯಾಂಡಲ್ ತಿರುಗಿದ ಮೇಲೆ, ನಿಧಾನದಲ್ಲಿ, ಹಿಂದಿನದು ಮಾತ್ರ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಅದು ಚಕ್ರ ಲಾಕ್ ಆಗೋದನ್ನು ತಪ್ಪಿಸುತ್ತದೆ, ಅಷ್ಟೇ. ಹ್ಯಾಂಡಲ್ ತಿರುಗಿರುವಾಗ ನಿಂತುಹೋದ ಗಾಡಿಯನ್ನು ಅದು ಹಿಡಿದು ನಿಲ್ಲಿಸಲ್ಲ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುವ ಅಭ್ಯಾಸ ನಿಮ್ಮ ಮನೆಯಲ್ಲಿ ಇದ್ದರೆ ಈಗಲೇ ಬಿಡಿಸಿ. ಹೊಗೆ ಮಿತಿಯ ಬಿಎಸ್-6 ನಿಯಮ 2020ರಲ್ಲಿ ಬಂದ ಮೇಲಿನ ಹೆಚ್ಚಿನ ಬೈಕುಗಳಲ್ಲಿ ಫ್ಯೂಯೆಲ್ ಇಂಜೆಕ್ಷನ್ ಇದೆ. ಗೇರಿನಲ್ಲಿ ಇರುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಜಿನ್‌ಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಆರದೆ ಇರೋಕೆ ಅದು ಸುರಿಯುತ್ತಲೇ ಇರಬೇಕು. ಅಂದರೆ ಉಳಿತಾಯ ಗೇರಿನಲ್ಲೇ ಜಾಸ್ತಿ, ಜೊತೆಗೆ ಇಂಜಿನ್ ಹಿಡಿತವೂ ಸಿಗುತ್ತದೆ, ಅಂದರೆ ಇಂಜಿನ್ನೇ ಗಾಡಿಯ ವೇಗ ತಡೆಯುತ್ತದೆ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಿರಿ ಅಂತ ಇಲ್ಲಿನ ಹಳೇ ಜೀಪ್ ಡ್ರೈವರ್‌ಗಳು ಹೇಳುತ್ತಾರೆ. ಇವತ್ತಿಗೂ ಅದಕ್ಕಿಂತ ಒಳ್ಳೆ ಲೆಕ್ಕ ಇಲ್ಲ.

ಇನ್ನು ನಿಮ್ಮ ಎದುರಿಗಿರುವ ದಾರಿಗಳು. ನನ್ನ ಕಣ್ಣಿಗೆ ನಾಲ್ಕು ಕಾಣುತ್ತವೆ.

ಬುಲೆಟ್‌ನಲ್ಲೇ ಹೋಗಿ, ಒಳ್ಳೆ ರಸ್ತೆ ಬಂದಾಗ ಸೀಟು ಬದಲಿಸಿಕೊಳ್ಳೋದು. ಇದು ಕೇಳೋಕೆ ಚೆನ್ನಾಗಿದೆ, ಮಾಡೋಕೆ ಎಲ್ಲಕ್ಕಿಂತ ಕಷ್ಟ. 195 ಕಿಲೋ ಗಾಡಿ, ಹಿಂದೆ ನಿಮಗಿಂತ ಭಾರದ ಮನುಷ್ಯ, ಬ್ಯಾಗು ಬೇರೆ. ನಿಲ್ಲಿಸಿದಾಗ ಸ್ವಲ್ಪ ವಾಲಿದರೂ ನಿಮ್ಮಿಂದ ಹಿಡಿಯೋಕೆ ಆಗಲ್ಲ. ಹಿಂದೆ ಕೂತ ಗಂಡ ಸುಮ್ನೆ ಕೂರೋದೂ ಇಲ್ಲ ಅಲ್ವಾ? "ಗೇರ್ ಹಾಕು, ಕ್ಲಚ್ ಬಿಡು" ಅಂತ ಕಿವಿಯಲ್ಲಿ ಕೂಗುತ್ತಿರುತ್ತಾರೆ. ಇದು ಬೇಡ.

ನಿಮ್ಮ ಸ್ಕೂಟರ್‌ನಲ್ಲೇ ಹೋಗೋದು ಎರಡನೆಯದು. ಇದನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ನನಗಂತೂ ಇದು ನಗುವ ವಿಷಯ ಅಲ್ಲ. ಹಾಸನದಿಂದ ಬೇಲೂರು ಸುಮಾರು 40 ಕಿಲೋಮೀಟರ್, ಅಲ್ಲಿಂದ ಚಿಕ್ಕಮಗಳೂರು 25ರ ಆಸುಪಾಸು. ಇಷ್ಟನ್ನು ಸ್ಕೂಟರ್ ಆರಾಮಾಗಿ ಮಾಡುತ್ತದೆ. ತೊಂದರೆ ಶುರುವಾಗೋದು ಘಾಟಿ ಇಳಿಯುವಾಗ. ಗೇರ್ ಇಲ್ಲದ್ದರಿಂದ ನಿಧಾನದಲ್ಲಿ ಇಂಜಿನ್ ಹಿಡಿತ ಸಿಗಲ್ಲ, ಎಲ್ಲ ಭಾರ ಬ್ರೇಕ್ ಮೇಲೆ. ಡ್ರಮ್ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಚಕ್ರ ಚಿಕ್ಕದು, ಮಳೆಗಾಲ ಮುಗಿದ ಮೇಲಿನ ಗುಂಡಿಗಳಿಗೆ ಪೂರ್ತಿ ಇಳಿದುಬಿಡುತ್ತದೆ. ಲೈಸೆನ್ಸ್ ಸಮಯಕ್ಕೆ ಸಿಗದಿದ್ದರೆ ಚಿಕ್ಕಮಗಳೂರಿನವರೆಗೆ ಇದರಲ್ಲೇ ಬಂದು, ಬೆಟ್ಟ ಹತ್ತೋದನ್ನು ಬಿಟ್ಟುಬಿಡಿ.

ಮೂರನೆಯದು, ಸಣ್ಣ ಗೇರ್ ಬೈಕ್. ನನ್ನ ಓಟು ಇದಕ್ಕೆ. 100 ಅಥವಾ 125 ಸಿಸಿಯಲ್ಲಿ ಕಲಿಯಿರಿ, ಟ್ರಿಪ್‌ಗೆ 150-160 ಸಿಸಿಯ ಹಗುರ ಗಾಡಿ ತಗೊಳ್ಳಿ. ನೆಂಟರದ್ದಾದರೂ ಸರಿ, ಬಾಡಿಗೆಯದಾದರೂ ಸರಿ. ಬಾಡಿಗೆಗೆ ತಗೊಂಡರೆ ನಂಬರ್ ಪ್ಲೇಟ್ ಕಪ್ಪು ಬಣ್ಣದಲ್ಲಿದ್ದು ಅಕ್ಷರ ಹಳದಿ ಇರಬೇಕು. ಬಿಳಿ ಪ್ಲೇಟಿನ ಗಾಡಿಯನ್ನು ಬಾಡಿಗೆಗೆ ಕೊಟ್ಟರೆ, ಏನಾದರೂ ಆದಾಗ ಇನ್ಶೂರೆನ್ಸ್‌ನವರು ಕೈ ಎತ್ತಬಹುದು. "160 ಸಿಸಿಯಲ್ಲಿ ಟ್ರಿಪ್ ಏನು ಚೆಂದ" ಅಂತ ಯಜಮಾನರು ಅಂದರೆ ಒಂದು ವಿಷಯ ಹೇಳಿ. ಫ್ರಾನ್ಸಿನ ಆನ್-ಫ್ರಾನ್ಸ್ ದೋತ್‌ವಿಲ್ ಅನ್ನೋ ಹೆಂಗಸು 1973ರಲ್ಲಿ 125 ಸಿಸಿಯ ಕವಾಸಾಕಿಯಲ್ಲಿ ಒಬ್ಬರೇ ಜಗತ್ತು ಸುತ್ತಿದರು.

ಕೊನೆಯದು ಹಿಂದೆಯೇ ಕೂತು ಹೋಗೋದು. ಅದು ಸೋಲು ಅಂತ ನಾನು ಹೇಳಲ್ಲ. ಚೆನ್ನಾಗಿ ಹಿಂದೆ ಕೂರೋದು ಕೂಡ ಒಂದು ಕೆಲಸ. ತಿರುವಿನಲ್ಲಿ ಓಡಿಸುವವರ ಒಳಭುಜದ ಮೇಲಿಂದ ರಸ್ತೆ ನೋಡಬೇಕು, ಗಾಡಿ ವಾಲಿದ ಕಡೆಗೇ ಮೈ ಬಿಡಬೇಕು, ಬ್ರೇಕ್ ಬಿದ್ದಾಗ ಮಂಡಿ ಒತ್ತಿ ಹಿಡಿದುಕೊಳ್ಳಬೇಕು. ಆದರೆ ನಿಮ್ಮ ಪತ್ರ ಓದಿದರೆ ನಿಮಗೆ ಅದು ಸಾಕಾಗಿದೆ ಅಂತ ಗೊತ್ತಾಗುತ್ತದೆ. ಸಾಕಾಗಿದ್ದರೆ ಅದನ್ನೇ ಯಜಮಾನರಿಗೆ ಹೇಳಿ, "ನೀವು ಚೆನ್ನಾಗಿ ಓಡಿಸ್ತೀರಾ, ಆದರೆ ನನಗೂ ಓಡಿಸಬೇಕು" ಅಂತ. ಅವರ ಓಡಿಸುವಿಕೆಯಲ್ಲಿ ತಪ್ಪು ಹುಡುಕಿ ಈ ಮಾತು ಶುರು ಮಾಡಿದರೆ ಟ್ರಿಪ್ ಅಲ್ಲಿಗೇ ಕೆಟ್ಟಿತು.

ಕಲಿಯೋದು ಗಂಡನ ಹತ್ತಿರ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅವರಿಗೆ ಬರಲ್ಲ ಅಂತಲ್ಲ. ವರ್ಷಗಟ್ಟಲೆ ಓಡಿಸಿದವರಿಗೆ ತಾವು ಕ್ಲಚ್‌ನಲ್ಲಿ ಏನು ಮಾಡುತ್ತೇವೆ ಅನ್ನೋದು ನೆನಪಿನಲ್ಲೇ ಇರಲ್ಲ. "ಸುಮ್ನೆ ಬಿಡು, ಬರುತ್ತೆ" ಅಂತಾರೆ. ಬರಲ್ಲ. ಖಾಲಿ ಮೈದಾನದಲ್ಲಿ ಒಂದು ವಾರ ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ ಒಂದರಲ್ಲೇ ಗಾಡಿಯನ್ನು ನಡೆಸಿ. ಎಂಟರ ಆಕಾರದಲ್ಲಿ ಸುತ್ತು ಹಾಕಿ, ಹಿಂದಿನ ಬ್ರೇಕನ್ನು ಲೈಟಾಗಿ ಒತ್ತಿಕೊಂಡೇ. ಸ್ಕೂಟರ್‌ನಿಂದ ಬಂದವರಿಗೆ ಒಂದು ವಿಶೇಷ ಗಂಡಾಂತರ ಇದೆ. ಸ್ಕೂಟರ್‌ನಲ್ಲಿ ಎಡಗೈ ಲಿವರ್ ಹಿಂದಿನ ಬ್ರೇಕ್, ಬೈಕಿನಲ್ಲಿ ಅದು ಕ್ಲಚ್. ಗಾಬರಿಯಾದಾಗ ನಿಮ್ಮ ಎಡಗೈ ಹಳೇ ಅಭ್ಯಾಸದಲ್ಲಿ ಲಿವರ್ ಹಿಡಿಯುತ್ತದೆ, ಗಾಡಿ ನಿಲ್ಲುವ ಬದಲು ಬಿಟ್ಟುಕೊಂಡು ಓಡುತ್ತದೆ. ಈ ಅಭ್ಯಾಸ ಕೈಯಿಂದ ಹೋಗೋಕೆ ಕೆಲವು ವಾರ ಬೇಕು. ಆ ವಾರಗಳಲ್ಲಿ ಸಾಧ್ಯವಾದಷ್ಟು ಸ್ಕೂಟರ್ ಮುಟ್ಟಬೇಡಿ, ತರಕಾರಿಗೂ ಬೈಕಿನಲ್ಲೇ ಹೋಗಿ.

ಇನ್ನು ನಿಮ್ಮ ದಾರಿ. ಶಿರಾಡಿಯನ್ನು ತೆಗೆದುಬಿಡಿ. ರಾಷ್ಟ್ರೀಯ ಹೆದ್ದಾರಿ 75 ಅದು, ಮಂಗಳೂರು-ಬೆಂಗಳೂರು ಲಾರಿ, ಟ್ಯಾಂಕರ್ ಎಲ್ಲ ಅದರಲ್ಲೇ. ಹತ್ತುವ ಲಾರಿ ಹಿಂದೆ ಹೊಗೆ ಕುಡಿಯುತ್ತಾ ಸಿಕ್ಕಿಕೊಂಡಾಗ ಓವರ್‌ಟೇಕ್ ಮಾಡುವ ಆಸೆ ಬರುತ್ತದೆ, ಆ ಆಸೆಗೆ ಬೇಕಾದ ಅಂದಾಜು ಮೊದಲ ಟ್ರಿಪ್‌ನಲ್ಲಿ ಇರಲ್ಲ. ಚಾರ್ಮಾಡಿ ನೋಡೋಕೆ ಚೆಂದ, ಒಣ ಹಗಲಿನಲ್ಲಿ ಅನುಭವ ಇರುವವರಿಗೆ ಕಷ್ಟವೂ ಅಲ್ಲ. ಆದರೆ 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗಿನಿಂದ ಅಲ್ಲಿ ಮಳೆ ಬಂದರೆ ಲೆಕ್ಕಾಚಾರವೇ ಬೇರೆ, ಹಿಂಗಾರಿನ ಮಳೆ ದೀಪಾವಳಿ ಆದ ಮೇಲೂ ಬರುತ್ತದೆ. ಹಾಗಾಗಿ ಕೊಟ್ಟಿಗೆಹಾರಕ್ಕೆ ಬಂದು, ನೀರುದೋಸೆ ತಿಂದು, ಕೆಳಗೆ ಇಳಿಯದೆ ಮೂಡಿಗೆರೆ, ಬೇಲೂರಿನ ಮೇಲೆ ಹಾಸನಕ್ಕೆ ಹೋಗಿ. ಧರ್ಮಸ್ಥಳ ಇನ್ನೊಂದು ಸಲ. ದೇವರ ಕೆಲಸ ಬಾಕಿ ಇಡಬಾರದು ಅಂತ ಅತ್ತೆ ಅಂದರೆ, ಹೊರನಾಡಿನ ಅಮ್ಮನವರ ದರ್ಶನ ಆಗಿರುತ್ತದಲ್ಲ.

ಮುಳ್ಳಯ್ಯನಗಿರಿ ಬಗ್ಗೆ ಬಿಡಿಸಿ ಹೇಳಬೇಕು. 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ ಅಂತ ಎಲ್ಲರಿಗೂ ಗೊತ್ತು. ಮೇಲಿನ ರಸ್ತೆ ಎಷ್ಟು ಇಕ್ಕಟ್ಟು ಅನ್ನೋದು ಹೋದವರಿಗೇ ಗೊತ್ತು. ಅಲ್ಲಿ ವೇಗದಿಂದ ಬೀಳುವವರು ಕಡಿಮೆ, ನಿಂತಲ್ಲೇ ಬೀಳುವವರು ಜಾಸ್ತಿ. ಹೀಗಾಗುತ್ತದೆ: ನೀವು ಹತ್ತುತ್ತಿರುತ್ತೀರಿ, ತಿರುವಿನಲ್ಲಿ ಎದುರಿಗೆ ಕಾರು ಬರುತ್ತದೆ. ಇಕ್ಕಟ್ಟಿನ ಏರಿನಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅನ್ನೋದು ನಿಯಮ. ಹೊರಗಿನಿಂದ ಬಂದ ಕಾರಿನವರಿಗೆ ಅದು ಗೊತ್ತಿರಲ್ಲ, ನೀವೇ ನಿಲ್ಲಬೇಕು. ನಿಲ್ಲುವಾಗ ಮುಂದಿನ ಬ್ರೇಕ್ ಹಿಡಿದು ಎರಡೂ ಕಾಲು ಕೆಳಗಿಡುತ್ತೀರಿ. ರಸ್ತೆ ಒಂದು ಕಡೆಗೆ ವಾಲಿರುತ್ತದೆ. ತಗ್ಗಿನ ಕಡೆಯ ಕಾಲಿಗೆ ನೆಲ ನೀವು ಅಂದುಕೊಂಡದ್ದಕ್ಕಿಂತ ಒಂದು ಗೇಣು ಕೆಳಗಿರುತ್ತದೆ. ಕಾಲು ನೆಲ ಹುಡುಕುವಷ್ಟರಲ್ಲಿ ಗಾಡಿ ಮಗುಚಿರುತ್ತದೆ.

ಇದಕ್ಕೆ ಉಪಾಯ ಇದೆ, ಎತ್ತರ ಕಡಿಮೆ ಇರುವವರೆಲ್ಲ ಕಲಿಯಲೇಬೇಕಾದದ್ದು. ನಿಲ್ಲುವ ಮುಂಚೆಯೇ ಜಾಗ ಆರಿಸಿ. ಎಡಗಾಲಿಗೆ ಎತ್ತರದ ನೆಲ ಸಿಗುವ ಕಡೆ, ಹ್ಯಾಂಡಲ್ ನೇರ ಇಟ್ಟು ನಿಲ್ಲಿಸಿ. ಬಲಗಾಲು ಹಿಂದಿನ ಬ್ರೇಕ್ ಮೇಲೇ ಇರಲಿ, ಎಡಗಾಲು ಒಂದೇ ನೆಲಕ್ಕೆ. ಹೊರಡುವಾಗ ಮೊದಲನೇ ಗೇರ್, ಕ್ಲಚ್ ಮೆಲ್ಲಗೆ ಬಿಡಿ. ಗಾಡಿಯ ಮೂಗು ಸ್ವಲ್ಪ ಏಳುತ್ತದೆ, ಇಂಜಿನ್ ಸದ್ದು ತಗ್ಗುತ್ತದೆ. ಅಲ್ಲಿ ಕ್ಲಚ್ ಲಿವರನ್ನು ಇದ್ದ ಹಾಗೇ ಇಟ್ಟುಕೊಂಡು ಆಕ್ಸಿಲರೇಟರ್ ಕೊಡಿ, ಆಮೇಲೇ ಬಲಗಾಲು ಬ್ರೇಕ್‌ನಿಂದ ಎತ್ತಿ. ಹಿಂದಕ್ಕೆ ಒಂದಿಂಚೂ ಹೋಗಲ್ಲ. ಎಡಗಾಲಿಗೆ ನೆಲ ಸಿಗದ ಕಡೆ ನಿಲ್ಲಲೇಬೇಕಾಗಿ ಬಂದರೆ ಬಲಗಾಲು ಊರಿ, ಮುಂದಿನ ಬ್ರೇಕ್‌ನಲ್ಲಿ ಹಿಡಿದುಕೊಳ್ಳಿ. ಬಲಗೈಯಲ್ಲೇ ಬ್ರೇಕನ್ನೂ ಆಕ್ಸಿಲರೇಟರನ್ನೂ ಒಟ್ಟಿಗೆ ಆಡಿಸೋದು ಆಮೇಲಿನ ಪಾಠ. ಹಾಸನದಲ್ಲಿ ನಿಮ್ಮ ಮನೆ ಹತ್ತಿರ ಒಂದು ಏರು ಹುಡುಕಿಕೊಂಡು, ಇದು ಬೇಸರ ಬರುವವರೆಗೆ ಮಾಡಿ. ಅದು ಕೈಗೆ ಬರದಿದ್ದರೆ ಮುಳ್ಳಯ್ಯನಗಿರಿಗೆ ಜೀಪಿನಲ್ಲಿ ಹೋಗಿ, ನಾಚಿಕೆ ಏನಿಲ್ಲ. ಶನಿವಾರ, ಭಾನುವಾರ ಅಂತೂ ಬೇಡ. ಗಿರಿ ಭಾಗಕ್ಕೆ ಎಷ್ಟು ಗಾಡಿ, ಯಾವಾಗ ಬಿಡಬೇಕು ಅಂತ ಜಿಲ್ಲಾಡಳಿತ ಆಗಾಗ ನಿಯಮ ಮಾಡುತ್ತಿರುತ್ತದೆ, ದತ್ತ ಜಯಂತಿಯ ಹೊತ್ತಿಗೆ ಪ್ರವಾಸಿಗರನ್ನು ಬಿಡೋದೇ ಇಲ್ಲ. ಹೊರಡುವ ವಾರ ವಿಚಾರಿಸಿಕೊಂಡೇ ಬನ್ನಿ.

ಚಿಕ್ಕಮಗಳೂರಿನಿಂದ ಆಲ್ದೂರು, ಬಾಳೆಹೊನ್ನೂರು, ಕಳಸದ ರಸ್ತೆ ನಿಮಗೆ ಎಲ್ಲಕ್ಕಿಂತ ಇಷ್ಟ ಆಗುತ್ತದೆ. ತಿರುವು ಜಾಸ್ತಿ, ಆದರೆ ಹೆದರಿಸುವಂಥದ್ದಲ್ಲ. ಎಚ್ಚರ ಬೇರೆ ಕಡೆ ಬೇಕು. ನವೆಂಬರ್ ಅಂದರೆ ಅರೇಬಿಕಾ ಹಣ್ಣು ಕೊಯ್ಲು ಶುರುವಾಗಿರುತ್ತದೆ. ಎಸ್ಟೇಟ್ ಗೇಟಿನಿಂದ ಟ್ರ್ಯಾಕ್ಟರ್, ಆಳುಗಳ ಪಿಕಪ್ ಹೊರಗೆ ಬರುತ್ತಿರುತ್ತವೆ, ಅವುಗಳ ಚಕ್ರದ ಕೆಮ್ಮಣ್ಣು ಡಾಂಬರಿನ ಮೇಲೆ ಮೆತ್ತಿಕೊಂಡಿರುತ್ತದೆ. ಬೆಳಗಿನ ಇಬ್ಬನಿ ಬಿದ್ದರೆ ಅದು ಸೋಪಿನ ಹಾಗೆ. ಗೇಟ್ ಕಂಡ ಕೂಡಲೇ ಆಕ್ಸಿಲರೇಟರ್ ಬಿಡಿ, ಮಣ್ಣಿನ ಮೇಲೆ ಗಾಡಿ ವಾಲಿಸಬೇಡಿ, ಬ್ರೇಕ್ ಮುಟ್ಟಬೇಡಿ. ನೆರಳು ಬಿದ್ದ ತಿರುವಿನಲ್ಲಿ ಪಾಚಿ, ಸಿಲ್ವರ್ ಓಕ್ ಎಲೆ ಇರುತ್ತವೆ, ಅದಕ್ಕೂ ಇದೇ.

ಆನೆ ವಿಷಯ ಹಾಸನದವರಿಗೆ ನಾನು ಹೇಳಬೇಕಿಲ್ಲ. ಸಕಲೇಶಪುರ, ಆಲೂರು, ಬೇಲೂರಿನ ಬಿಕ್ಕೋಡು ಕಡೆ, ಈಚೆ ಮೂಡಿಗೆರೆ, ಎಲ್ಲ ಕಡೆ ತೋಟದಿಂದ ತೋಟಕ್ಕೆ ದಾಟುತ್ತಿರುತ್ತವೆ. ಬೆಳಿಗ್ಗೆ ಎಂಟಕ್ಕೆ ಮುಂಚೆ ಹೊರಡಬೇಡಿ, ಸಂಜೆ ಐದಕ್ಕೆ ರೂಮು ಸೇರಿ. ಎದುರಿಗೆ ಕಂಡರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಫೋಟೋ ಬೇಡ. ಅದು ದಾಟಿ ಹೋದ ಮೇಲೂ ಸ್ವಲ್ಪ ಹೊತ್ತು ಕಾಯಿರಿ. ಹಿಂದೆ ಮರಿ ಇರಬಹುದು.

ಯಜಮಾನರ ಸೈಲೆನ್ಸರ್ ಆಸೆಗೆ ಇದೇ ಜಾಗದಲ್ಲಿ ಉತ್ತರ ಹೇಳುತ್ತೇನೆ. ಆನೆ ಇರುವ ರಸ್ತೆಯಲ್ಲಿ ಢಬಢಬ ಸದ್ದು ಮಾಡಿಕೊಂಡು ಹೋಗೋದು ಯಾವ ಜಾಣತನ? "ಸದ್ದು ಜಾಸ್ತಿ ಇದ್ದರೆ ಲಾರಿಯವರಿಗೆ ಕೇಳಿಸುತ್ತೆ, ಸೇಫ್" ಅಂತ ಗ್ಯಾರೇಜಿಗೆ ಬಂದವರೆಲ್ಲ ಹೇಳುತ್ತಾರೆ. ಸೈಲೆನ್ಸರ್ ಬಾಯಿ ಹಿಂದಕ್ಕಿದೆ, ಲಾರಿ ಬರೋದು ಎದುರಿನಿಂದ, ಗಾಜು ಏರಿಸಿ ಹಾಡು ಹಾಕಿಕೊಂಡು. ಕಾನೂನೂ ಕಡ್ಡಿ ಮುರಿದ ಹಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ. ಸದ್ದಿನ ಮಿತಿ ಮೀರಿದರೆ 190(2)ರ ಅಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಇದೆ, ಮೂರು ತಿಂಗಳು ಲೈಸೆನ್ಸೂ ಹೋಗಬಹುದು. ಆ ದುಡ್ಡಲ್ಲಿ ಇಬ್ಬರಿಗೂ ಒಳ್ಳೆ ಹೆಲ್ಮೆಟ್ ಬರುತ್ತದೆ. ಐಎಸ್‌ಐ ಗುರುತಿರಲಿ. ಬಕಲ್ ಹಾಕಿ ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಜೊತೆಗೆ ಕೆನ್ನೆಯ ಚರ್ಮವೂ ಅಲ್ಲಾಡಬೇಕು. ಹೆಲ್ಮೆಟ್ ಮಾತ್ರ ತಿರುಗಿದರೆ ಅದು ನಿಮ್ಮ ಸೈಜಲ್ಲ. ಇಷ್ಟು ದಿನ ನೀವು ಹಾಕಿದ್ದು ಯಜಮಾನರ ಹಳೇ ಹೆಲ್ಮೆಟ್ ಇರಬೇಕು, ಹೆಚ್ಚಿನ ಮನೆಗಳಲ್ಲಿ ಹಾಗೇ.

ಗಾಡಿ ಓಡಿಸುವಾಗ ಮಾತ್ರ ನಾನು ನನ್ನ ಹಾಗೆ ಇರುತ್ತೇನೆ ಅಂತ ಬರೆದಿದ್ದೀರಿ. ಅದನ್ನು ಬರೆಯೋಕೆ ಸ್ವಲ್ಪ ನಾಚಿಕೊಂಡ ಹಾಗೂ ಕಂಡಿತು. ನಾಚಿಕೊಳ್ಳೋದು ಬೇಡ. ಮೈಸೂರಿನ ಐಡಿಯಲ್ ಜಾವಾ 1961ರಿಂದ 1996ರವರೆಗೆ ನಡೆಯಿತು. ಆ ಕಾಲದಲ್ಲಿ ಹಾಸನ, ಚಿಕ್ಕಮಗಳೂರಿನ ಕಡೆ ಯೆಜ್ಡಿ ಅಂದರೆ ಅದು ಯಾರ ಗಾಡಿ ಅಂತ ಸದ್ದಿನಲ್ಲೇ ಹೇಳುತ್ತಿದ್ದರು. ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುತ್ತಿತ್ತಲ್ಲ, ನಿಮ್ಮ ತಂದೆ ಅದನ್ನು ಕಾಲಿನ ತುದಿಯಲ್ಲಿ ತಿರುಗಿಸುತ್ತಿದ್ದ ರೀತಿ ನಿಮಗೆ ಈಗಲೂ ನೆನಪಿರಬಹುದು. ಗಂಡಸರು ಇದನ್ನೆಲ್ಲ ಮಾಡಿದಾಗ ಯಾರೂ ಕಾರಣ ಕೇಳಲಿಲ್ಲ. ಆದರೆ ಕಲಿಸುವವನಾಗಿ ಒಂದು ಮಾತು ಸೇರಿಸುತ್ತೇನೆ. ಸ್ಟಿಕ್ಕರ್, ಜಾಕೆಟ್, ಹ್ಯಾಂಡಲ್‌ಗೆ ಕಟ್ಟುವ ಬಣ್ಣದ ಬಾವುಟ ಇವೆಲ್ಲ ದುಡ್ಡು ಕೊಟ್ಟರೆ ಬರುತ್ತವೆ. ನಿಮ್ಮದೇ ಆದದ್ದು ಅಂದರೆ ನಿಮ್ಮ ವೇಗ. ಯಾವ ತಿರುವಿಗೆ ಎಷ್ಟು ಮುಂಚೆ ನಿಧಾನ ಮಾಡಬೇಕು, ಎಲ್ಲಿ ನಿಲ್ಲಬೇಕು, ಯಾವಾಗ "ನನಗೆ ಸಾಕು" ಅನ್ನಬೇಕು, ಇಷ್ಟೂ ದಿನ ಅದನ್ನೆಲ್ಲ ತೀರ್ಮಾನ ಮಾಡಿದವರು ಮುಂದೆ ಕೂತವರು. ಗಂಡನ ಬೆನ್ನು ಹತ್ತಿ ಅವರ ವೇಗದಲ್ಲೇ ಓಡಿಸಿದರೆ ಸೀಟು ಬದಲಾಯಿತೇ ಹೊರತು ಬೇರೇನೂ ಬದಲಾಗಲ್ಲ. ಹೊಸಬರು ಬೀಳೋದು ಕೂಡ ಹಾಗೇ, ಮುಂದಿನವರು ಹೋದರಲ್ಲ ಅಂತ ಅದೇ ವೇಗದಲ್ಲಿ ತಿರುವಿಗೆ ನುಗ್ಗಿ.

ಹಾಗಾಗಿ ನಿಮ್ಮ ಬೈಕ್ ಮುಂದೆ, ಯಜಮಾನರ ಬುಲೆಟ್ ಹಿಂದೆ. ಬುಲೆಟ್‌ನವರಿಗೆ 160 ಸಿಸಿ ಗಾಡಿಯ ಹಿಂದೆ 40ರ ವೇಗದಲ್ಲಿ ಬರೋದು ಮೊದಲ ದಿನ ಹಿಂಸೆ ಅನ್ನಿಸುತ್ತದೆ, ಎರಡನೇ ದಿನಕ್ಕೆ ತೋಟ ಕಾಣೋಕೆ ಶುರುವಾಗುತ್ತದೆ. ಹೆಲ್ಮೆಟ್‌ನಲ್ಲಿ ಬ್ಲೂಟೂತ್ ಇಂಟರ್‌ಕಾಮ್ ಹಾಕಿಕೊಳ್ಳುವುದಾದರೆ ಒಪ್ಪಂದ ಮಾಡಿಕೊಳ್ಳಿ: ಓಡುವಾಗ ಪಾಠ ಇಲ್ಲ, ಲಾರಿ ಬಂತು, ಗುಂಡಿ ಇದೆ ಅನ್ನೋದು ಮಾತ್ರ. ತಪ್ಪು ಒಪ್ಪು ಎಲ್ಲ ಕಾಫಿ ಕುಡಿಯುವಾಗ. ರಸ್ತೆ ಕವಲೊಡೆಯುವ ಕಡೆಯಲ್ಲೆಲ್ಲ ಒಬ್ಬರಿಗೊಬ್ಬರು ಕಾಯಿರಿ. ಕಳಸದ ಕಡೆ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಪೆಟ್ರೋಲ್ ಚಿಕ್ಕಮಗಳೂರಲ್ಲೇ ತುಂಬಿಸಿಕೊಳ್ಳಿ.

ಒಂದು ಮಾತು ನೀವು ಕೇಳಿಲ್ಲ, ಹೆಂಗಸರು ಯಾರೂ ಕೇಳಲ್ಲ. ದಾರಿಯಲ್ಲಿ ಟಾಯ್ಲೆಟ್ ಸಿಗಲ್ಲ ಅಂತ ನೀರೇ ಕುಡಿಯದೆ ಓಡಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಕಣ್ಣು ಮಂಜು, ಗಮನ ಹೋಗಿರುತ್ತದೆ. ಊರಿಗೆ ಹೋದ ಮೇಲೆ ಉರಿಮೂತ್ರ. ಬೇಲೂರು, ಚಿಕ್ಕಮಗಳೂರು, ಮೂಡಿಗೆರೆ ಬಸ್ ಸ್ಟ್ಯಾಂಡ್, ಪೆಟ್ರೋಲ್ ಬಂಕ್, ಊಟದ ಹೋಟೆಲ್ ಇವನ್ನು ಮೊದಲೇ ಲೆಕ್ಕ ಹಾಕಿ ಗಂಟೆಗೊಮ್ಮೆ ನಿಲ್ಲಿಸಿ, ನೀರು ಕುಡಿಯಿರಿ. ಚೂಡಿದಾರ್ ಹಾಕುವುದಾದರೆ ವೇಲ್ ಮನೆಯಲ್ಲೇ ಇರಲಿ. ಚೈನಿಗೆ ಸಿಕ್ಕ ವೇಲ್ ಕುತ್ತಿಗೆಯನ್ನು ಬಿಡಲ್ಲ.

ಕೊನೆಯದಾಗಿ ಲೈಸೆನ್ಸ್. ನಿಮ್ಮ ಕಾರ್ಡ್ ಒಮ್ಮೆ ತಿರುಗಿಸಿ ನೋಡಿ. ಎಂಸಿಡಬ್ಲ್ಯೂಜಿ ಅಂತ ಇದ್ದರೆ ಗೇರ್ ಗಾಡಿಗೂ ಆಯಿತು, ನಿಮಗೆ ಗೊತ್ತಿಲ್ಲದೆ ಇರಬಹುದು. ಇಲ್ಲದಿದ್ದರೆ ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಗೇರ್ ಬೈಕಿಗೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಹಾಕಿ. ಅದು ಆರು ತಿಂಗಳು ನಡೆಯುತ್ತದೆ, ಪಕ್ಕಾ ಲೈಸೆನ್ಸ್ ಟೆಸ್ಟಿಗೆ 30 ದಿನ ಕಳೆಯಬೇಕು. ಎಲ್‌ಎಲ್ ಇರುವವರೆಗೆ ಎಲ್ ಬೋರ್ಡ್ ಹಾಕಬೇಕು, ಲೈಸೆನ್ಸ್ ಇರುವ ಕಲಿಸುವವರ ಜೊತೆಗೇ ಓಡಿಸಬೇಕು, ಅವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಅದರಲ್ಲೇ ಟ್ರಿಪ್ ಹೊರಡೋದು ಅಂದರೆ ಕಾನೂನೂ ಇನ್ಶೂರೆನ್ಸೂ ಎರಡೂ ಕೈ ಬಿಟ್ಟ ಹಾಗೆ. ಟೆಸ್ಟಿಗೆ ಗೇರ್ ಗಾಡಿ ನೀವೇ ತಗೊಂಡು ಹೋಗಬೇಕು. ಯಜಮಾನರ ಬುಲೆಟ್ ಒಯ್ಯಬೇಡಿ, ಯಾರದಾದರೂ ಸ್ಪ್ಲೆಂಡರ್ ಕೇಳಿ. ಹಬ್ಬದ ಹಿಂದೆಮುಂದೆ ಆರ್‌ಟಿಓ ಸ್ಲಾಟ್ ಸಿಗೋದು ಕಷ್ಟ, ಈ ವಾರವೇ ಅರ್ಜಿ ಹಾಕಿ.